ಹೊಸಬರಿಗೆ ಮಾರ್ಗದರ್ಶಿ: ಕಾರವಾರದ ವಸಂತ ಮತ್ತು ಸೆಕೆ

ಬಯಲುಸೀಮೆಯಿಂದ ವರ್ಗವಾಗಿ ಕಾರವಾರಕ್ಕೆ ಬಂದ ಕುಟುಂಬದವರು ಮಾರ್ಚ್ ತಿಂಗಳಲ್ಲಿ ನಮ್ಮ ಸಂಘದವರನ್ನು ಕೇಳುವುದುಂಟು: ಉಷ್ಣಾಂಶ 33 ಡಿಗ್ರಿಯ ಆಸುಪಾಸಿನಲ್ಲೇ ಇದ್ದರೂ ಇಷ್ಟು ಬಳಲಿಕೆ ಏಕೆ? ನಿಮ್ಮೂರಿನದು ಬಿಸಿಲು, ಇಲ್ಲಿಯದು ಸೆಕೆ. ಕಡಲ ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಂಪಾಗುವುದಿಲ್ಲ.

ಕಾವ್ಯದ ವಸಂತದಲ್ಲಿ ತಂಗಾಳಿ ತೆಂಕಣದಿಂದ ಬೀಸುತ್ತದೆ. ನಮ್ಮ ಚೈತ್ರ, ವೈಶಾಖಗಳಲ್ಲಿ ಅದು ಬರುವುದು ಪಡುವಣದಿಂದ, ಅದೂ ನೆಲ ಕಡಲಿಗಿಂತ ಬೇಗ ಕಾದ ಮೇಲೆ. ರಾತ್ರಿ ನೆಲದ ಕಡೆಯಿಂದ ಬೀಸುವ ಗಾಳಿ ಬೆಳಿಗ್ಗೆ ಕ್ರಮೇಣ ನಿಂತು, ಕಡಲಗಾಳಿ ಇನ್ನೂ ಏಳದಿರುವ ನಡುವಿನ ಹೊತ್ತೇ ಅತ್ಯಂತ ಕಷ್ಟದ್ದು. ಅಂಗಳದ ತೆಂಗಿನ ಒಂದು ಗರಿಯೂ ಅಲುಗದೆ, ಒರೆಸಿಕೊಂಡ ಹಣೆಯಲ್ಲಿ ಮರುಕ್ಷಣವೇ ಹನಿ ಮೂಡುತ್ತದೆ. ಆದ್ದರಿಂದ ಪೇಟೆಯ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸಿ, ಬಾಡಿಗೆ ಮನೆ ನೋಡುವಾಗ ಪಡುವಣಕ್ಕೆ ಕಿಟಕಿಯಿದೆಯೇ ಎಂಬುದನ್ನು ತಪ್ಪದೆ ಗಮನಿಸಿ. ಮಕ್ಕಳಿಗೆ ಹತ್ತಿಯ ಸಡಿಲ ಬಟ್ಟೆ ತೊಡಿಸಿ, ಎರಡು ಹೊತ್ತು ಸ್ನಾನ ಮಾಡಿಸಿದರೆ ಬೆವರುಸಾಲೆ ಕಡಿಮೆಯಾಗುತ್ತದೆ. ಬಾಯಾರಿಕೆಗೆ ಕಾಯದೆ ಉಪ್ಪು ಹಾಕಿದ ನೀರುಮಜ್ಜಿಗೆಯನ್ನೋ ಮುರುಗಲ (ಕೋಕಂ) ಪಾನಕವನ್ನೋ ಆಗಾಗ ಕುಡಿಯುತ್ತಿರಬೇಕು.

ಕೋಗಿಲೆಯ ವಿಷಯದಲ್ಲಿ ಕವಿಗಳ ಮಾತು ನಿಜ. ಬೆಳಕು ಹರಿಯುವ ಮುನ್ನವೇ ಅದು ಕೂಗತೊಡಗುತ್ತದೆ. ಮಾವಿನ ಹೂವು ಮಾತ್ರ ಯುಗಾದಿಯವರೆಗೆ ಕಾಯುವುದಿಲ್ಲ. ಚಳಿಗಾಲದಲ್ಲೇ ಹೂಬಿಟ್ಟ ಮರಗಳಲ್ಲಿ ಆ ವೇಳೆಗೆ ಕಾಯಿ ತೂಗುತ್ತಿರುತ್ತವೆ, ಅಂಕೋಲೆಯ ಕರಿ ಇಶಾಡ ಮಾವು ಮೇ ತಿಂಗಳಲ್ಲಿ ಪೇಟೆಗೆ ಬರುತ್ತದೆ.

ಘಟ್ಟದ ಮೇಲಿನ ಶಿರಸಿಗೆ ಈ ಮಾತೆಲ್ಲ ಹಾಗೆಯೇ ಅನ್ವಯಿಸುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಆ ಊರಿನಲ್ಲಿ ಮಧ್ಯಾಹ್ನದ ಬಿಸಿಲು ಚುರುಕಾದರೂ ಮಾರ್ಚ್ ರಾತ್ರಿಗೆ ಹೊದಿಕೆ ಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಸಂಜೆ ಗುಡುಗು ಕೇಳಿಸಿದರೆ ಟಿ.ವಿ., ಫ್ರಿಜ್‌ಗಳ ಪ್ಲಗ್ ತೆಗೆದಿಡಿ. ಅಲ್ಲಿನ ಮನೆಗಳಲ್ಲಿ ಊಟಕ್ಕೆ ಅಪ್ಪೆಹುಳಿ (ಹುಳಿ ಮಾವಿನಕಾಯಿಯ ತೆಳು ಸಾರು) ಬಡಿಸಿದರೆ ಸಂಕೋಚವಿಲ್ಲದೆ ಇನ್ನೊಂದು ಲೋಟ ಕೇಳಿ. ಬಿಸಿಲಿನಲ್ಲಿ ಬಂದವರಿಗೆ ಅಷ್ಟು ಹಿತವಾದುದು ಬೇರೊಂದಿಲ್ಲವೆಂಬುದು ನಮ್ಮ ಅನುಭವ.

ಕಡಲಂಚಿನಲ್ಲಿ ಮನೆ ಹಿಡಿಯುವವರಿಗೆ ಇನ್ನೊಂದು ಎಚ್ಚರಿಕೆಯಿದೆ. ಮಳೆಗಾಲದ ಕೊನೆಯಲ್ಲಿ ಸಿಹಿಯಾಗಿದ್ದ ಬಾವಿಯ ನೀರು, ಒರತೆ ಇಳಿದ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಪ್ಪಾಗುವುದುಂಟು. ಮುಂಗಡ ಕೊಡುವ ಮುನ್ನ ಮನೆಯ ಯಜಮಾನರನ್ನಷ್ಟೇ ಅಲ್ಲ, ನೆರೆಮನೆಯವರನ್ನೂ ಈ ಬಗ್ಗೆ ವಿಚಾರಿಸಿ.