ಸಿಕ್ಕಿಬಿದ್ದ ಮೇಲಿನ ಸಬೂಬು: ಮಧ್ಯಸ್ಥಿಕೆ ಕೊಠಡಿಯಲ್ಲಿ ನನ್ನ ಅನುಭವ

ಗಂಡನದೋ ಹೆಂಡತಿಯದೋ ಹೊರಗಿನ ಸಂಬಂಧ ಬಯಲಾಗಿ ದಂಪತಿಗಳು ನನ್ನೆದುರು ಬಂದು ಕೂರುವ ಹೊತ್ತಿಗೆ ಸಬೂಬು ಹಳೆಯದಾಗಿರುತ್ತದೆ. ಮೊದಲು ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ, ಆಮೇಲೆ ಅತ್ತೆ ಮಾವಂದಿರ ಮುಂದೆ, ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ, ಕೊನೆಗೆ ವಕೀಲರು ಬರೆದುಕೊಟ್ಟ ತಕರಾರು ಅರ್ಜಿಯಲ್ಲಿ, ಹೀಗೆ ಅದು ನಾಲ್ಕಾರು ಕಡೆ ಓಡಾಡಿ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬದಲಾಗಿ ಬಂದಿರುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ವಕೀಲಿಕೆ ಮಾಡುತ್ತಲೇ 40 ಗಂಟೆಗಳ ತರಬೇತಿ ಪಡೆದು ಮಧ್ಯಸ್ಥಿಕೆಗಾರಳಾದ ನಾನು, ಕೌಟುಂಬಿಕ ನ್ಯಾಯಾಲಯ ಕಳುಹಿಸುವ ಇಂಥ ಪ್ರಕರಣಗಳಲ್ಲಿ ಕಂಡುಕೊಂಡದ್ದು ಇಷ್ಟು: ಹೆಂಡತಿಯೋ ಗಂಡನೋ ಮಾಡಿದ ತಪ್ಪಿನ ಮೇಲೆ ನಡೆಯುವ ಜಗಳಕ್ಕಿಂತ, ಆ ತಪ್ಪಿಗೆ ಕೊಟ್ಟ ನಾಲ್ಕು ಬಗೆಯ ಕಾರಣಗಳ ಮೇಲೆ ನಡೆಯುವ ಜಗಳವೇ ದೊಡ್ಡದು, ಆದ್ದರಿಂದ ಮೊದಲು ಆ ನಾಲ್ಕನ್ನೂ ತೆಗೆದುಹಾಕದೆ ಮುಂದಿನ ಮಾತೇ ಸಾಧ್ಯವಿಲ್ಲ. ಅದನ್ನು ನಾನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗೋಪ್ಯತೆ ನಮ್ಮ ಕೆಲಸದ ಮೊದಲ ನಿಯಮವಾದ್ದರಿಂದ ಜನರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಮ್ಮ ಕಡೆಯ ಸಬೂಬುಗಳಿಗೆ ನಮ್ಮ ಕಡೆಯದೇ ಬಣ್ಣವಿರುತ್ತದೆ. ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಸಾಕು, ರಾತ್ರಿ ಮನೆಗೆ ಬಾರದಿರಲು ಎಲ್ಲರೂ ಒಪ್ಪುವ ಒಂದು ಕಾರಣ ಗಂಡಸರಿಗೆ ಸಿಕ್ಕಂತೆಯೇ, ಏಕೆಂದರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್‌ಗಳ ಪಾಳಿ ಕೆಲವೊಮ್ಮೆ ನಿಜವಾಗಿಯೂ ಬೆಳತನಕ ಕರಗುವುದಿಲ್ಲ. ಒಂದು ಪ್ರಕರಣದಲ್ಲಿ ಗಂಡ ಇದೇ ಮಾತನ್ನು ಮೊದಲ ಭೇಟಿಯಲ್ಲಿ ನನಗೂ ಹೇಳಿದ: "ನಾ ಪಾಳಿ ಹಚ್ಚಿ ಕಾರ್ಖಾನಿ ಮುಂದ ನಿಂತಿದ್ನ್ರಿ ಅಕ್ಕಾರ, ಅಕಿ ಸುಮ್ಮ ಸಂಶಯ ಮಾಡ್ತಾಳ." ಹೆಂಡತಿ ಒಂದೂ ಮಾತಾಡದೆ ಕೈಚೀಲದಿಂದ ರಬ್ಬರ್ ಹಾಕಿದ ಚೀಟಿಗಳ ಕಟ್ಟೊಂದನ್ನು ತೆಗೆದಳು. ಕಬ್ಬಿನ ಬಿಲ್ಲು ಬರುವವರೆಗೆ ಕಾಯ್ದಿಡಲೆಂದು ಗಂಡನೇ ಅವಳ ಕೈಗೆ ಕೊಟ್ಟಿದ್ದ ತೂಕದ ಚೀಟಿಗಳು ಅವು, ಒಂದೊಂದರ ಮೇಲೂ ತಾರೀಖು ಮತ್ತು ಗಾಡಿ ತೂಕವಾದ ವೇಳೆ ಅಚ್ಚಾಗಿತ್ತು. ಕೆಲವು ಚೀಟಿಗಳ ಹಿಂದೆ ಅವಳು ನೀಲಿ ಪೆನ್ನಿನಲ್ಲಿ ಅವನು ಮನೆಗೆ ಬಂದ ಹೊತ್ತನ್ನು ಬರೆದಿದ್ದಳು. "ಸಂಜಿ ಆರಕ್ಕ ಗಾಡಿ ಖಾಲಿ ಆಗೇತ್ರಿ, ಇವ್ರು ಬಂದಿದ್ದು ಮರುದಿನ ಹತ್ತಕ್ಕ," ಎಂದಳು. ಅಲ್ಲಿಂದ ಮುಂದೆ ಅವನ ಮಾತು ಪಾಳಿಯಿಂದ ಪಂಕ್ಚರ್‌ಗೆ, ಪಂಕ್ಚರ್‌ನಿಂದ ಗೆಳೆಯನ ಮನೆಗೆ, ಅಲ್ಲಿಂದ "ಅಕಿ ನನಗ ತಂಗಿ ಇದ್ದಂಗ್ರಿ" ಎಂಬಲ್ಲಿಗೆ ಹೋಯಿತು. ಫೋನಿನಲ್ಲಿ ಆ ತಂಗಿಯ ಹೆಸರು "ಬೀಜ ಗೊಬ್ಬರ" ಎಂದಿತ್ತು.

ಇಂಥ ಹೊತ್ತಿನಲ್ಲಿ ನಾನು ಜಂಟಿ ಮಾತುಕತೆಯನ್ನು ಕೂಡಲೇ ನಿಲ್ಲಿಸುತ್ತೇನೆ. ಹೆಂಡತಿಯ ಎದುರಿನಲ್ಲಿ ಅವನು ಇನ್ನೊಂದು ಸಬೂಬು ಹೇಳಿದರೆ ಅದನ್ನೂ ಕಾಪಾಡಿಕೊಳ್ಳಬೇಕಾದ ಹೊಣೆ ಅವನ ಮೇಲೆ ಬೀಳುತ್ತದೆ, ಅವಳಿಗೆ ಕೆಡವಲು ಇನ್ನೊಂದು ಸಿಗುತ್ತದೆ. ಹೆಂಡತಿಯನ್ನು ಹೊರಗೆ ಕೂರಿಸಿ, ಅವನೊಬ್ಬನ ಜೊತೆ ಪ್ರತ್ಯೇಕವಾಗಿ ಕೂತು, ಮೊದಲು ಕಾನೂನನ್ನು ತಿಳಿಸುತ್ತೇನೆ, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಸುಳ್ಳುಗಳು ಜೈಲಿನ ಹೆದರಿಕೆಯಿಂದ ಹುಟ್ಟಿದವು ಎಂಬುದು ನನ್ನ ಅಂದಾಜು. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 497ನೇ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 27ರಂದೇ ರದ್ದುಗೊಳಿಸಿದೆ. ಅದು ಈಗ ವಿಚ್ಛೇದನಕ್ಕೆ ಆಧಾರವಾಗಬಹುದೇ ಹೊರತು ಪೊಲೀಸರು ಹಿಡಿದೊಯ್ಯುವ ಗುನ್ನೆಯಲ್ಲ. ಎರಡನೆಯದಾಗಿ, ಮಧ್ಯಸ್ಥಿಕೆಯಲ್ಲಿ ಆಡಿದ ಮಾತನ್ನು ನಾಳೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಎತ್ತುವಂತಿಲ್ಲ, ನನ್ನನ್ನೂ ಸಾಕ್ಷಿಗೆ ಕರೆಯುವಂತಿಲ್ಲ. ಈ ಎರಡು ಮಾತು ಹೇಳಿ ಮುಗಿಸಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತವರು ಹಿಂದಕ್ಕೆ ಒರಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು, ಯಾರಿಗೆ ಏನು ಹೇಳಿದ್ದಾನೆ ಎಂಬುದನ್ನು ಅವನಿಂದಲೇ ಕೇಳಿ ಬರೆಯುತ್ತೇನೆ. ನಿಜ ಏನು ಎಂದು ಈ ಹಂತದಲ್ಲಿ ಕೇಳುವುದೇ ಇಲ್ಲ, ಕೇಳಿದರೆ ಐದನೆಯ ಸಬೂಬು ಬರುತ್ತದೆ. ತಾಯಿಗೆ ಏನು ಹೇಳಿದಿರಿ, ಮಾವನಿಗೆ ಏನು ಹೇಳಿದಿರಿ, ಅರ್ಜಿಯಲ್ಲಿ ಏನಿದೆ ಎಂದು ಒಂದರ ಕೆಳಗೊಂದು ಬರೆದು ಹಾಳೆಯನ್ನು ಅವನ ಕಡೆ ತಿರುಗಿಸಿ ಇಡುತ್ತೇನೆ. ಮೇಲೆ ಹೇಳಿದ ಗಂಡ ಅದನ್ನು ಬಹಳ ಹೊತ್ತು ನೋಡಿದ. "ಇದನ್ನ ಅಕಿಗೆ ತೋರಸ್ತೀರೇನ್ರಿ?" ಎಂದ. ಇಲ್ಲವೆಂದೆ. ಯಾವುದನ್ನು ಉಳಿಸಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಪೆನ್ನು ಇಸಿದುಕೊಂಡು ಎಲ್ಲದರ ಮೇಲೂ ಗೆರೆ ಎಳೆದ. ಹಾಳೆಯನ್ನು ಅವನ ಎದುರಿಗೇ ಹರಿದು ಹಾಕಿದೆ. ಎಲ್ಲರೂ ಇಷ್ಟು ಸಲೀಸಾಗಿ ಗೆರೆ ಎಳೆಯುವುದಿಲ್ಲ. ಒಂದನ್ನಾದರೂ ಉಳಿಸಿಕೊಳ್ಳಲು ಹಟ ಹಿಡಿಯುವವರೇ ಹೆಚ್ಚು, ಆ ಒಂದು ಸಾಮಾನ್ಯವಾಗಿ "ಅಕಿ ಬಾಣಂತನಕ್ಕಂತ ತವರಿಗೆ ಹೋಗಿ ಆರ ತಿಂಗಳ ಕೂತಳ್ರಿ" ಎಂಬುದು. ಈ ಮಾತನ್ನು ನಾನು ಎಷ್ಟು ಹೊತ್ತಾದರೂ ಕೂತು ಬಿಡಿಸುತ್ತೇನೆ. ಉಳಿದ ಸಬೂಬುಗಳು ಹೆಂಡತಿಗೆ ಸಿಟ್ಟು ತರಿಸುತ್ತವೆ, ಇದೊಂದು ಮಾತ್ರ ಅವಳನ್ನೇ ಆರೋಪಿಯಾಗಿ ನಿಲ್ಲಿಸುತ್ತದೆ, ಹೆತ್ತು ಬಂದವಳು ಅದನ್ನು ಮರೆತದ್ದನ್ನು ನಾನು ಕಂಡಿಲ್ಲ.

ಸಿಕ್ಕಿಬಿದ್ದವಳು ಹೆಂಡತಿಯಾಗಿದ್ದರೆ ರೀತಿಯೇ ಬೇರೆ. ಅವಳ ಪರವಾಗಿ ಅಣ್ಣಂದಿರು ಸಬೂಬು ಹೇಳುತ್ತಾರೆ, ಅವಳು ಬಾಯಿ ಬಿಡುವುದೇ ಇಲ್ಲ. ಅವಳ ಹೆದರಿಕೆ ಜೀವನಾಂಶದ್ದು ಮತ್ತು ಮಕ್ಕಳದ್ದು. ವ್ಯಭಿಚಾರದ ಬದುಕು ನಡೆಸುತ್ತಿರುವ ಹೆಂಡತಿಗೆ ಜೀವನಾಂಶವಿಲ್ಲ ಎಂಬ ಮಾತು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲೂ, ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲೂ ಇದೆ. ಆದರೆ ಎಂದೋ ಒಮ್ಮೆ ಎಡವಿದ್ದು ಅಂಥ ಬದುಕು ನಡೆಸಿದಂತಾಗದು ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ, ಮತ್ತು ಇದನ್ನು ನಾನು ಅಣ್ಣಂದಿರಿಗಲ್ಲ, ಅವಳಿಗೇ ತಿಳಿಸಿ ಹೇಳುತ್ತೇನೆ.

ಕೊಠಡಿಯಲ್ಲಿ ಆಣೆ ಮಾಡಲು ಬಿಡುವುದಿಲ್ಲ. ಭಂಡಾರದ, ಅಂದರೆ ದೇವರ ಅರಿಶಿನದ, ಪೊಟ್ಟಣ ಜೇಬಿನಲ್ಲೇ ಇಟ್ಟುಕೊಂಡು ಬರುವವರಿದ್ದಾರೆ, ಮಗುವಿನ ತಲೆಯ ಮೇಲೆ ಕೈ ಇಡಲು ಮಗುವನ್ನೇ ಕರೆತಂದವರಿದ್ದಾರೆ. ಆಣೆ ಮಾಡಿದ ಮೇಲೆ ಸತ್ಯ ಹೇಳುವ ದಾರಿ ಪೂರ್ತಿ ಮುಚ್ಚಿಹೋಗುತ್ತದೆ, ದೇವರ ಮುಂದೆ ಸುಳ್ಳನಾಗಲು ಯಾರೂ ಒಪ್ಪುವುದಿಲ್ಲ. ಹಾಗೆಯೇ "ಗಂಡಸ್ರು ಅಂದಮ್ಯಾಲ ಅಷ್ಟ ಇಷ್ಟ ನಡೀತೈತಿ" ಎನ್ನುವ ಅತ್ತೆಯನ್ನು ಗೌರವದಿಂದಲೇ ಹೊರಗಿನ ಬೆಂಚಿನ ಮೇಲೆ ಕೂರಿಸುತ್ತೇನೆ.

ಫೋನಿನ ಮಾತು ಈಗೀಗ ಹೆಚ್ಚು ಬರುತ್ತಿದೆ. ಗಂಡ ಹೆಂಡತಿಯರು ಒಬ್ಬರಿಗೊಬ್ಬರು ತಿಳಿಯದಂತೆ ಧ್ವನಿಮುದ್ರಿಸಿಕೊಂಡ ಮಾತುಗಳನ್ನೂ ವಿಚ್ಛೇದನದ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ಹೇಳಿದ ಮೇಲೆ, ರೆಕಾರ್ಡಿಂಗ್ ಇಟ್ಟುಕೊಂಡು ಬರುವವರಿಗೆ ಬಲ ಬಂದಿದೆ. ಅದನ್ನು ಜಂಟಿ ಸಭೆಯಲ್ಲಿ ಹಚ್ಚಲು ನಾನು ಒಪ್ಪುವುದಿಲ್ಲ. ಅದು ಇದೆ ಎಂಬುದನ್ನು ಮಾತ್ರ, ಅವರ ಅನುಮತಿ ಪಡೆದು, ಪ್ರತ್ಯೇಕ ಭೇಟಿಯಲ್ಲಿ ಇನ್ನೊಬ್ಬರಿಗೆ ತಿಳಿಸುತ್ತೇನೆ. ಅಷ್ಟರಿಂದಲೇ ಕೆಲಸವಾಗುವುದುಂಟು.

ಮತ್ತೆ ಇಬ್ಬರನ್ನೂ ಕೂರಿಸಿದಾಗ ಸಿಕ್ಕಿಬಿದ್ದವರು ನಾಲ್ಕೈದು ವಾಕ್ಯಗಳಿಗಿಂತ ಹೆಚ್ಚು ಹೇಳಬೇಕಿಲ್ಲ, ಅವುಗಳಲ್ಲಿ "ಆದರೆ" ಬರಬಾರದು. ಏನಾಯಿತು, ಯಾವಾಗಿನಿಂದ, ಈಗ ನಿಂತಿದೆಯೇ ಇಲ್ಲವೇ, ದುಡ್ಡು ಬಂಗಾರ ಎಷ್ಟು ಹೋಯಿತು, ಇಷ್ಟೇ. ಕೊನೆಯದನ್ನು ಎಲ್ಲರೂ ಮುಚ್ಚಿಡುತ್ತಾರೆ, ಹೆಂಡತಿಯರು ಕೇಳುವುದೂ ಅದನ್ನೇ. ಚೀಟಿಗಳ ಕಟ್ಟು ತಂದಿದ್ದ ಆ ಹೆಂಗಸು ಎಲ್ಲವನ್ನೂ ತಲೆ ತಗ್ಗಿಸಿ ಕೇಳಿ, ಒಂದೇ ಪ್ರಶ್ನೆ ಕೇಳಿದಳು: "ನನ್ನ ಬೋರಮಾಳ ಎಲ್ಲೈತಿ?" ಅವನು ಆ ಬಂಗಾರದ ಸರವನ್ನು ಪಾಲಿಶ್‌ಗೆ ಕೊಟ್ಟಿದ್ದೇನೆ ಎನ್ನಲು ಬಾಯಿ ತೆರೆದವನು, ನನ್ನ ಕಡೆ ನೋಡಿ, ಫೈನಾನ್ಸ್‌ನಲ್ಲಿ ಒತ್ತೆ ಇಟ್ಟಿರುವುದಾಗಿ ಹೇಳಿದ. ಆ ದಿನದ ಎಲ್ಲ ಮಾತುಗಳಲ್ಲಿ ಅವಳು ನಂಬಿದ್ದು ಅದೊಂದನ್ನೇ ಎಂದು ನನಗೆ ಅನಿಸಿತು.

ಒಪ್ಪಿಕೊಂಡ ಕೂಡಲೇ ಕ್ಷಮೆ ಸಿಗಬೇಕೆಂದು ಸಿಕ್ಕಿಬಿದ್ದವರು ಎಣಿಸುತ್ತಾರೆ, ನೊಂದವರು ಅದಕ್ಕೆ ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿದೆ: ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನಂತೆ ತಪ್ಪನ್ನು ಮನ್ನಿಸಿ ಸಂಸಾರ ಮುಂದುವರಿಸಿದವರು ಅದೇ ತಪ್ಪಿನ ಆಧಾರದ ಮೇಲೆ ವಿಚ್ಛೇದನ ಪಡೆಯುವುದು ಕಷ್ಟ, ಆದರೆ ಅಂಥ ತಪ್ಪು ಮರುಕಳಿಸಿದರೆ ಹಳೆಯದಕ್ಕೂ ಮತ್ತೆ ಜೀವ ಬರುತ್ತದೆ. ಇದನ್ನು ಇಬ್ಬರ ಎದುರಿಗೂ ಹೇಳಿ, ತೀರ್ಮಾನಕ್ಕೆ ಮುಂದಿನ ತಾರೀಖು ಕೊಡುತ್ತೇನೆ.

ಒಪ್ಪಂದ ಬರೆಸುವಾಗ ತಪ್ಪೊಪ್ಪಿಗೆಯ ಒಂದು ಸಾಲನ್ನೂ ಸೇರಿಸುವುದಿಲ್ಲ. ಒಪ್ಪಂದದ ಕಾಗದ ನ್ಯಾಯಾಲಯದ ಕಡತಕ್ಕೆ ಹೋಗುತ್ತದೆ, ಮಕ್ಕಳು ದೊಡ್ಡವರಾಗಿ ಒಂದು ದಿನ ಓದಬಹುದು. ಆ ದಂಪತಿಯ ಕಾಗದದಲ್ಲಿ ಇದ್ದದ್ದು ಬೋರಮಾಳವನ್ನು ಯಾವ ತಾರೀಖಿನೊಳಗೆ ಬಿಡಿಸಿ ತರಬೇಕು, ಕಬ್ಬಿನ ಬಿಲ್ಲು ಇನ್ನು ಯಾರ ಖಾತೆಗೆ ಜಮೆಯಾಗಬೇಕು, ಬರುವ ಹಂಗಾಮಿಗೆ ಟ್ರ್ಯಾಕ್ಟರಿಗೆ ಚಾಲಕನನ್ನು ಇಡಬೇಕು ಎಂಬ ಮೂರು ಷರತ್ತು. ಮೂರನೆಯದನ್ನು ಬರೆಸಿದವಳು ಹೆಂಡತಿ, ಚಾಲಕನ ಪಗಾರದ ಲೆಕ್ಕವನ್ನೂ ಅವಳೇ ಹೇಳಿದಳು.