ಬೆಟ್ಟದ ರಸ್ತೆಗೆ ಸೈಕಲ್ ಮಾರ್ಗ ಗೊತ್ತುಮಾಡುವ ಬಗೆ: ನನ್ನ ಅನುಭವ

ಬೆಟ್ಟಗುಡ್ಡಗಳ ನಡುವಿನ ಹಳ್ಳಿರಸ್ತೆಗಳಲ್ಲಿ ಸೈಕಲ್ ತುಳಿಯಲು ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ಒಟ್ಟು ಎಷ್ಟು ಕಿಲೋಮೀಟರ್ ಎಂದು. ನಾನು ಮಾರ್ಗ ಗೊತ್ತುಮಾಡುವಾಗ ದೂರವನ್ನು ಕೊನೆಗೆ ನೋಡುತ್ತೇನೆ. ಎಷ್ಟು ಮೀಟರ್ ಏರಬೇಕು, ಆ ಏರು ಎಲ್ಲೆಲ್ಲಿ ಗುಂಪುಗೂಡಿದೆ, ಅದೇ ಸುತ್ತನ್ನು ಯಾವ ದಿಕ್ಕಿನಿಂದ ಹಿಡಿದರೆ ಕಡಿದಾದ ಭಾಗ ಹತ್ತುವ ಪಾಲಿಗೆ ಬರುತ್ತದೆ ಎಂಬ ಮೂರು ಸಂಗತಿಗಳು ತೀರ್ಮಾನವಾದ ಮೇಲೆ ದೂರ ತಾನಾಗಿಯೇ ನಿಗದಿಯಾಗುತ್ತದೆ. 100 ಕಿ.ಮೀ.ಗೆ 1,000 ಮೀಟರ್ ಏರು ಇದ್ದರೆ ಅದು ಏರಿಳಿತದ ದಾರಿ; ಅಷ್ಟೇ ದೂರದಲ್ಲಿ 2,000 ಮೀಟರ್ ದಾಟಿದರೆ ಅದನ್ನು ಬೆಟ್ಟದ ಮಾರ್ಗವೆಂದೇ ಭಾವಿಸಿ ಗೇರು, ಆಹಾರ, ಸಮಯ ಎಲ್ಲವನ್ನೂ ಬೇರೆಯಾಗಿ ಲೆಕ್ಕ ಹಾಕಬೇಕು.

ಏರಿನ ಸರಾಸರಿ ಶೇಕಡಾವಾರು ಅಂಕಿಯನ್ನು ನಂಬಿ ಅರ್ಧದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋದವರನ್ನು ಬಹಳ ಕಂಡಿದ್ದೇನೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಈ ಅಂಕಿಗೆ ಚೆನ್ನಾಗಿ ಒಪ್ಪುತ್ತದೆ. 10 ಕಿ.ಮೀ. ಉದ್ದದ ಏರಿನ ಸರಾಸರಿ ಶೇ 6 ಎಂದರೆ ಬುಡಕ್ಕೂ ತುದಿಗೂ 600 ಮೀಟರ್ ಅಂತರವಿದೆ ಎಂದಷ್ಟೇ ಅರ್ಥ. ನಡುವೆ ಎರಡು ಕಿಲೋಮೀಟರ್ ಇಳಿಜಾರು ಬಂದು ಅಲ್ಲಿ 60 ಮೀಟರ್ ಕಳೆದುಕೊಂಡರೆ, ಉಳಿದ ಎಂಟು ಕಿಲೋಮೀಟರಿನಲ್ಲಿ 660 ಮೀಟರ್ ಏರಬೇಕಾಗುತ್ತದೆ. ಅಂದರೆ ಕಾಲುಗಳಿಗೆ ಎದುರಾಗುವುದು ಶೇ 8ಕ್ಕಿಂತ ಹೆಚ್ಚಿನ ಏರು. ಶಿಖರದ ಎತ್ತರವೂ ಇಷ್ಟೇ ಮೋಸಗಾರ. ಇಟಲಿಯ ಸ್ಟೆಲ್ವಿಯೊ ಕಣಿವೆಮಾರ್ಗ 2,757 ಮೀಟರ್ ಎತ್ತರದಲ್ಲಿದೆ, ಇಂಗ್ಲೆಂಡಿನ ಹಾರ್ಡ್‌ನಾಟ್ ಕೇವಲ 393 ಮೀಟರ್. ಆದರೆ ಸ್ಟೆಲ್ವಿಯೊದಲ್ಲಿ ಸುಮಾರು 24 ಕಿ.ಮೀ. ಉದ್ದಕ್ಕೂ ಏರು ಶೇ 7ರ ಆಸುಪಾಸಿನಲ್ಲಿ ಹದವಾಗಿ ಸಾಗಿದರೆ, ಹಾರ್ಡ್‌ನಾಟ್‌ನ ಕೆಲವು ತಿರುವುಗಳಲ್ಲಿ ಅದು ಶೇ 30 ಮುಟ್ಟುತ್ತದೆ. ಮೊದಲನೆಯದಕ್ಕೆ ತಾಳ್ಮೆ ಸಾಕು, ಎರಡನೆಯದರಲ್ಲಿ ಮುಂಗಾಲಿ ನೆಲ ಬಿಟ್ಟು ಏಳದಂತೆ ಮೈಯನ್ನು ಹ್ಯಾಂಡಲ್ ಮೇಲೆ ಬಗ್ಗಿಸಿಕೊಂಡು ತುಳಿಯಬೇಕು.

ಈ ವ್ಯತ್ಯಾಸಕ್ಕೆ ಕಾರಣ ಭೂಮಿಯಷ್ಟೇ ಅಲ್ಲ, ರಸ್ತೆಯನ್ನು ಯಾರು ಯಾವುದಕ್ಕಾಗಿ ಮಾಡಿದರು ಎಂಬುದು ಕೂಡ. ಸ್ಟೆಲ್ವಿಯೊ ರಸ್ತೆಯನ್ನು ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ 1820ರ ದಶಕದಲ್ಲಿ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ನಿರ್ಮಿಸಿದರು. ಕುದುರೆಗಾಡಿಗಳು ಏರಬೇಕಾಗಿದ್ದರಿಂದ ಒಂದೇ ಮಗ್ಗುಲಿನಲ್ಲಿ 48 ಹೇರ್‌ಪಿನ್ ತಿರುವುಗಳನ್ನು ಕೊಟ್ಟು ಏರನ್ನು ಹದದಲ್ಲಿ ಇಡಲಾಯಿತು. ಭಾರದ ಗಾಡಿ, ಸೈನ್ಯ, ಬಸ್ಸುಗಳಿಗಾಗಿ ಮಾಡಿದ ಹಳೆಯ ಘಾಟಿ ರಸ್ತೆಗಳೆಲ್ಲ ಹೆಚ್ಚುಕಡಿಮೆ ಇದೇ ಸ್ವಭಾವದವು. ಒಮ್ಮೆ ಲಯ ಸಿಕ್ಕರೆ ತುದಿಯವರೆಗೂ ಅದೇ ಗೇರಿನಲ್ಲಿ ಹೋಗಬಹುದು. ಇದಕ್ಕೆ ವಿರುದ್ಧವಾಗಿ, ಹೊಲಕ್ಕೂ ಒಂಟಿಮನೆಗೂ ಹೋಗುವ ಕಾಲುದಾರಿಯ ಮೇಲೆಯೇ ಡಾಂಬರು ಹಾಸಿದ ಕಿರುರಸ್ತೆ ಗುಡ್ಡದ ನೆತ್ತಿಗೆ ನೇರವಾಗಿ ನುಗ್ಗುತ್ತದೆ. ನಕ್ಷೆಯಲ್ಲಿ ತಿರುವುಗಳಿಲ್ಲದ ನೇರ ಗೆರೆಯೊಂದು ಬೆಟ್ಟದ ಮೈಮೇಲೆ ಹಾದುಹೋಗಿದ್ದನ್ನು ಕಂಡರೆ ನಾನು ಹತ್ತಿರದ ದಾರಿ ಸಿಕ್ಕಿತೆಂದು ಸಂತೋಷಪಡುವುದಿಲ್ಲ. ತಿರುವು ಹೆಚ್ಚಿದ್ದಷ್ಟೂ ಏರು ಕಡಿಮೆ ಎಂಬುದು ನಕ್ಷೆ ಓದುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದ ಗುರುತು.

ಮಾರ್ಗ ಹಾಕಿಕೊಡುವ ಆ್ಯಪ್‌ಗಳ ಎತ್ತರದ ರೇಖಾಚಿತ್ರವನ್ನು ಬಳಸುತ್ತೇನೆ, ಆದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳಿರುವ ಸ್ಥಳಾಕೃತಿ ನಕ್ಷೆಯೊಂದಿಗೆ ಹೋಲಿಸದೆ ನಂಬುವುದಿಲ್ಲ. ಇಂತಹ ಅನೇಕ ಆ್ಯಪ್‌ಗಳಿಗೆ ಆಧಾರ 2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎತ್ತರಗಳು. ಅವು ಸುಮಾರು 30 ಮೀಟರ್ ಚೌಕಗಳಲ್ಲಿ ದಾಖಲಾಗಿವೆ. ಬಂಡೆಯನ್ನು ಕಡಿದು ಮಾಡಿದ ರಸ್ತೆಯಲ್ಲಿ ಒಂದು ಚೌಕ ಮೇಲಿನ ಬಂಡೆಯ ಎತ್ತರವನ್ನೂ ಪಕ್ಕದ್ದು ಕೆಳಗಿನ ಕಂದಕದ ಆಳವನ್ನೂ ತೋರಿಸಬಹುದು. ಆಗ ಸಮತಟ್ಟಾದ ರಸ್ತೆಯ ಮೇಲೆ ಇಲ್ಲದ ಶೇ 25ರ ಏರುಗಳು ಮೂಡುತ್ತವೆ; ಸುರಂಗ ಮತ್ತು ಸೇತುವೆಗಳಲ್ಲಂತೂ ಲೆಕ್ಕ ಪೂರ್ತಿ ಕೆಡುತ್ತದೆ. ಅನುಮಾನ ಬಂದ ಕಡೆ ರೇಖೆಗಳನ್ನು ಕೈಯಲ್ಲೇ ಎಣಿಸುತ್ತೇನೆ. ರೇಖೆಗಳ ನಡುವಿನ ಎತ್ತರ 20 ಮೀಟರ್ ಆಗಿದ್ದು ರಸ್ತೆ ಪ್ರತಿ 250 ಮೀಟರಿಗೆ ಒಂದು ರೇಖೆಯನ್ನು ದಾಟುತ್ತಿದ್ದರೆ ಅಲ್ಲಿನ ಏರು ಶೇ 8. 125 ಮೀಟರಿಗೇ ದಾಟುತ್ತಿದ್ದರೆ ಶೇ 16. ರಸ್ತೆ ರೇಖೆಯ ಪಕ್ಕದಲ್ಲೇ ಅದಕ್ಕೆ ಸಮಾಂತರವಾಗಿ ಸಾಗುವ ಕಡೆ ಉಸಿರಾಡಲು ಸಮಯ ಸಿಗುತ್ತದೆ, ನೀರು ಕುಡಿಯುವುದು, ತಿನ್ನುವುದು ಅಲ್ಲಿಯೇ ಎಂದು ಗುರುತು ಹಾಕಿಕೊಳ್ಳುತ್ತೇನೆ.

ಗೇರಿನ ವಿಷಯದಲ್ಲಿ ಹುರುಪಿಗಿಂತ ಲೆಕ್ಕ ಮೇಲು. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ಇದ್ದರೆ ಶೇ 8ರ ಏರನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 200 ವಾಟ್ ಶಕ್ತಿ ಬೇಕು, ಅದರ ಬಹುಪಾಲು ಗುರುತ್ವಾಕರ್ಷಣೆಯನ್ನು ಮೀರಲಿಕ್ಕೇ ಹೋಗುತ್ತದೆ. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಗೇರಿನಲ್ಲಿ ಈ ವೇಗಕ್ಕೆ ಪೆಡಲು ನಿಮಿಷಕ್ಕೆ ಸುಮಾರು 65 ಸುತ್ತು ತಿರುಗುತ್ತದೆ. ಹಿಂದೆ 32 ಹಲ್ಲಿದ್ದರೆ ಸುಮಾರು 75. ಕೇಳಲು ಸಣ್ಣ ಅಂತರವಾದರೂ ಎರಡು ಗಂಟೆಗಳ ಏರಿನ ಕೊನೆಯಲ್ಲಿ ಮಂಡಿಗಳು ಇದನ್ನು ಹೇಳುತ್ತವೆ. ಹಿಂದಿನ ದೊಡ್ಡ ಹಲ್ಲುಚಕ್ರವನ್ನು ದುರ್ಬಲರ ಲಕ್ಷಣವೆಂದು ಹೀಗಳೆಯುವವರು ಈಗಲೂ ಇದ್ದಾರೆ. 1910ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧಿಗಳು ಫ್ರಾನ್ಸಿನ 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆಮಾರ್ಗವನ್ನು ಮೊದಲ ಬಾರಿಗೆ ದಾಟಿದಾಗ ಅವರ ಬಳಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಇರಲಿಲ್ಲ, ಆ ಸ್ಪರ್ಧೆಯಲ್ಲಿ ಅದಕ್ಕೆ ಅನುಮತಿ ದೊರೆತದ್ದು 1937ರಲ್ಲಿ. ಆ ಸ್ಪರ್ಧಿಗಳಲ್ಲಿಯೂ ಹಲವರು ಕಡಿದಾದ ಕಡೆ ಇಳಿದು ನಡೆದಿದ್ದರು ಎಂಬುದನ್ನು ಹೀಗಳೆಯುವವರಿಗೆ ನೆನಪಿಸಬೇಕಾಗುತ್ತದೆ.

ಹೇರ್‌ಪಿನ್ ತಿರುವನ್ನು ಹತ್ತುವ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ತಿರುವಿನ ಒಳಅಂಚಿಗೂ ಹೊರಅಂಚಿಗೂ ಏರಬೇಕಾದ ಎತ್ತರ ಒಂದೇ; ಆದರೆ ಒಳಅಂಚಿನಲ್ಲಿ ದೂರ ಕಡಿಮೆಯಾದ್ದರಿಂದ ಅಲ್ಲಿ ಏರು ಗೋಡೆಯಂತೆ ಎದ್ದು ನಿಲ್ಲುತ್ತದೆ. ಎದುರಿನಿಂದಲೂ ಹಿಂದಿನಿಂದಲೂ ವಾಹನವಿಲ್ಲವೆಂದು ಖಚಿತಪಡಿಸಿಕೊಂಡು ನನ್ನ ಪಥದಲ್ಲೇ ಆದಷ್ಟು ಹೊರಗೆ ಹೋಗುತ್ತೇನೆ. ಗೇರನ್ನು ತಿರುವಿಗೆ ಮುಂಚೆ, ಪೆಡಲಿನ ಮೇಲಿನ ಒತ್ತಡವನ್ನು ಅರೆಕ್ಷಣ ಸಡಿಲಿಸಿ ಬದಲಿಸುತ್ತೇನೆ. ಇಡೀ ಭಾರ ಹಾಕಿ ತುಳಿಯುತ್ತಿರುವಾಗಲೇ ಬದಲಿಸಿದರೆ ಚೈನು ಕಟಕಟ ಸದ್ದು ಮಾಡಿ ಹಲ್ಲು ತಪ್ಪುತ್ತದೆ, ಕೆಲವೊಮ್ಮೆ ಕಳಚಿಯೂ ಬೀಳುತ್ತದೆ. ಶೇ 15ರ ಏರಿನಲ್ಲಿ ನಿಂತ ಸೈಕಲನ್ನು ಮತ್ತೆ ಹೊರಡಿಸುವುದು ಹತ್ತುವುದಕ್ಕಿಂತ ಕಷ್ಟ.

ಇನ್ನು ದಿಕ್ಕಿನ ಮಾತು. ಒಂದೇ ಸುತ್ತಿನಲ್ಲಿ ಒಂದು ಮಗ್ಗುಲು ಕಡಿದಾಗಿ ಕಿರಿದಾಗಿಯೂ ಇನ್ನೊಂದು ಮಗ್ಗುಲು ಅಗಲವಾಗಿ ಹದವಾಗಿಯೂ ಇದ್ದರೆ, ಕಡಿದಾದುದನ್ನು ಹತ್ತಿ ಹದವಾದುದರಲ್ಲಿ ಇಳಿಯುವುದೇ ನನ್ನ ನಿಯಮ. ಹತ್ತುವಾಗ ಸುಸ್ತಾದರೆ ನಿಲ್ಲಬಹುದು. ಕಡಿದಾದ ಕಿರುರಸ್ತೆಯಲ್ಲಿ ಇಳಿಯುವಾಗ ತಿರುವಿನಾಚೆ ದನವೋ ಜಲ್ಲಿಯೋ ಎದುರಾದರೆ ನಿಲ್ಲುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಅದೇ 85 ಕೆ.ಜಿ. ಭಾರ ಶೇ 8ರ ಇಳಿಜಾರಿನಲ್ಲಿ ಗಂಟೆಗೆ 30 ಕಿ.ಮೀ. ವೇಗ ಕಾಯ್ದುಕೊಂಡು ಇಳಿಯಬೇಕಾದರೆ, ಗಾಳಿ ಮತ್ತು ಟೈರಿನ ಘರ್ಷಣೆ ಹೀರಿದ್ದನ್ನು ಕಳೆದು ಸುಮಾರು 400 ವಾಟ್ ಶಾಖವನ್ನು ಬ್ರೇಕುಗಳೇ ಹೊರಬೇಕು. ಹೆದರಿಕೆಯಿಂದ 15 ಕಿ.ಮೀ.ಗೆ ಇಳಿಸಿದರೆ ಪ್ರತಿ ಕ್ಷಣದ ಶಾಖ ಕಡಿಮೆಯಾಗುತ್ತದೆ, ಆದರೆ ಗಾಳಿಯ ನೆರವು ತಪ್ಪಿ ಬೆಟ್ಟದ ಬುಡ ಸೇರುವಷ್ಟರಲ್ಲಿ ಬ್ರೇಕು ಹೀರಿದ ಒಟ್ಟು ಶಾಖ ಹೆಚ್ಚೇ ಆಗಿರುತ್ತದೆ. ಆದ್ದರಿಂದ ಬ್ರೇಕನ್ನು ಉದ್ದಕ್ಕೂ ಅದುಮಿ ಹಿಡಿಯುವುದಿಲ್ಲ. ನೇರ ಭಾಗದಲ್ಲಿ ಮೈ ನಿಮಿರಿಸಿ ಗಾಳಿಗೆ ಎದೆಯೊಡ್ಡುತ್ತೇನೆ, ತಿರುವಿಗೆ ಮುಂಚೆ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸುತ್ತೇನೆ, ತಿರುವಿನೊಳಗೆ ಬಿಡುತ್ತೇನೆ. ಚಕ್ರದ ಲೋಹದ ಅಂಚನ್ನೇ (ರಿಮ್) ಒತ್ತಿ ಹಿಡಿಯುವ ರಿಮ್ ಬ್ರೇಕಿನ ಸೈಕಲಿನಲ್ಲಿ ಉದ್ದದ ಇಳಿತದ ನಡುವೆ ನಿಂತಾಗ ರಿಮ್ಮಿನ ಹತ್ತಿರ ಅಂಗೈ ಒಡ್ಡಿದರೆ ಮುಟ್ಟದೆಯೇ ಬಿಸಿ ತಾಗುತ್ತದೆ. ಆಗ ಅದು ಆರುವವರೆಗೆ ಹೊರಡದಿರುವುದು ಒಳ್ಳೆಯದು, ಏಕೆಂದರೆ ಟ್ಯೂಬು ಸಿಡಿದರೆ ಮುಂಗಾಲಿ ಹೇಳಿದ ಮಾತು ಕೇಳುವುದಿಲ್ಲ. ಬಿಸಿಲು ಬೀಳದ ಮಗ್ಗುಲಿನಲ್ಲಿ ಪಾಚಿ ಕಟ್ಟಿರುತ್ತದೆ, ಮಳೆಯ ಮರುದಿನ ಮಣ್ಣುಜಲ್ಲಿ ತಿರುವಿನ ಒಳಅಂಚಿಗೆ ಬಂದು ನಿಂತಿರುತ್ತದೆ. ಇವೆರಡನ್ನೂ ಊಹಿಸಿಕೊಂಡೇ ಇಳಿಯಬೇಕು.

ಸಮಯವನ್ನು ಲೆಕ್ಕ ಹಾಕುವಾಗ ಏರನ್ನೂ ದೂರವನ್ನೂ ಬೇರೆ ಮಾಡುತ್ತೇನೆ. ದಣಿಯದ ಲಯದಲ್ಲಿ ಗಂಟೆಗೆ 600 ಮೀಟರ್ ಎತ್ತರ ಗಳಿಸುವುದು ಅಭ್ಯಾಸವಿರುವ ಸವಾರರಿಗೆ ನ್ಯಾಯವಾದ ಅಂದಾಜು. 90 ಕಿ.ಮೀ. ಮಾರ್ಗದಲ್ಲಿ 30 ಕಿ.ಮೀ. ಹತ್ತುದಾರಿ, 1,800 ಮೀಟರ್ ಏರು ಇದ್ದರೆ ಹತ್ತಲಿಕ್ಕೇ ಮೂರು ಗಂಟೆ. ಉಳಿದ 60 ಕಿ.ಮೀ. ಸಮತಟ್ಟು ಮತ್ತು ಇಳಿತಕ್ಕೆ ಎರಡು ಗಂಟೆ, ನಿಲುಗಡೆಗೆ ಒಂದು ಗಂಟೆ. ಬಯಲಿನ ವೇಗವನ್ನೇ ಹಿಡಿದು ಮೂರೂವರೆ ಗಂಟೆಯಲ್ಲಿ ಮುಗಿಸುವೆನೆಂದು ಹೊರಟವರಿಗೆ ಕೊನೆಯಲ್ಲಿ ನೀರೂ ಇರುವುದಿಲ್ಲ, ಬೆಳಕೂ ಇರುವುದಿಲ್ಲ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, 30ರಿಂದ 60 ಗ್ರಾಂ ಶರ್ಕರಪಿಷ್ಟ ಎಂದು ಇಟ್ಟುಕೊಂಡು, ನೀರು ತುಂಬಿಸಿಕೊಳ್ಳುವ ಹಳ್ಳಿಗಳನ್ನು ಏರಿನ ಬುಡದಲ್ಲೇ ಗುರುತಿಸುತ್ತೇನೆ. ಮೇಲೆ ಸಿಗುತ್ತದೆ ಎಂಬ ಭರವಸೆ ಬೇಡ.

ಎತ್ತರ ಪ್ರತಿ 1,000 ಮೀಟರ್ ಹೆಚ್ಚಿದಂತೆ ತಾಪಮಾನ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆವರಿನಿಂದ ಒದ್ದೆಯಾದ ಅಂಗಿಯಲ್ಲಿ ಇಳಿಯತೊಡಗಿದರೆ ಬ್ರೇಕು ಹಿಡಿಯುವ ಬೆರಳುಗಳೇ ಮರಗಟ್ಟುತ್ತವೆ, ಹಾಗಾಗಿ ತೆಳುವಾದ ಗಾಳಿತಡೆ ಜಾಕೆಟ್ಟನ್ನು ತುದಿಯಲ್ಲಿ ನಿಂತೊಡನೆ ಹಾಕಿಕೊಳ್ಳುತ್ತೇನೆ. ಬೆಟ್ಟಗಳಲ್ಲಿ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕಟ್ಟುವುದರಿಂದ ಅತಿ ಎತ್ತರದ ಏರನ್ನು ಬೆಳಗಿನ ಪಾಲಿಗೆ ಇಡುತ್ತೇನೆ.

ಕೊನೆಯದಾಗಿ, ಪ್ರತಿ ಮಾರ್ಗದಲ್ಲಿಯೂ ಕಣಿವೆಗೆ ಇಳಿದು ಹೊರಟ ಜಾಗಕ್ಕೆ ಮರಳಬಹುದಾದ ಅಡ್ಡರಸ್ತೆಯನ್ನು ಮೊದಲೇ ಹುಡುಕಿಡುತ್ತೇನೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದಿರಬಹುದಾದ್ದರಿಂದ ನಕ್ಷೆಯನ್ನು ಹೊರಡುವ ಮುನ್ನವೇ ಇಳಿಸಿಕೊಂಡು, ಕೊನೆಯ ಏರಿನ ಬುಡ ತಲುಪಬೇಕಾದ ಗಂಟೆಯನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸುತ್ತೇನೆ. ಆ ಗಂಟೆ ಮೀರಿದ್ದರೆ, ಕಾಲಿನಲ್ಲಿ ಎಷ್ಟೇ ಕಸುವಿದ್ದರೂ, ಅಡ್ಡರಸ್ತೆಗೆ ತಿರುಗುತ್ತೇನೆ.