ಏರಿನಲ್ಲಿ ಎಳೆಯುವುದು ಯಾವುದು? ಮೋಟರ್‌ಹೋಮ್ ಎಂಜಿನ್ ಅಳೆಯುವ ಬಗೆ

ಅಮೆರಿಕದ ಹೆದ್ದಾರಿಗಳಲ್ಲಿ ಓಡುವ, ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮ್‌ಗಳಲ್ಲಿ, ಅಂದರೆ ಗಾಲಿಯ ಮೇಲಿನ ಮನೆಗಳಲ್ಲಿ, ಹಲವಕ್ಕೆ ಡೀಸೆಲ್ ಎಂಜಿನ್ ಹಿಂಬದಿಯಲ್ಲಿದ್ದು ಗಾಡಿಯನ್ನು ತಳ್ಳುತ್ತದೆ. ಅದಕ್ಕೇ ‘ಡೀಸೆಲ್ ಪುಷರ್’ ಎಂಬ ಹೆಸರು. ಕೊಳ್ಳಲು ಹೋದವರ ಕಿವಿಗೆ ಮೊದಲು ಬೀಳುವುದು ಟಾರ್ಕ್, ಅಂದರೆ ಎಂಜಿನ್ ತಿರುಚುವ ಬಲದ ಸಂಖ್ಯೆ. ಆದರೆ ಘಾಟಿಯಲ್ಲಿ ಗಾಡಿಯ ವೇಗ ನಿರ್ಧರಿಸುವುದು ಅಶ್ವಶಕ್ತಿ ಮತ್ತು ತೂಕ. ಟಾರ್ಕ್‌ನ ಕೆಲಸ ಬೇರೆ.

ಮೊದಲು ತೂಕ ನೋಡಿ. ಚಾಲಕನ ಸೀಟಿನ ಆಸುಪಾಸಿನ ಸ್ಟಿಕ್ಕರ್‌ನಲ್ಲಿರುವುದು ಗರಿಷ್ಠ ಮಿತಿ, ನಿಮ್ಮ ಗಾಡಿಯ ನಿಜವಾದ ತೂಕವಲ್ಲ. ನೀರು, ಡೀಸೆಲ್, ಸಾಮಾನು ತುಂಬಿಸಿ, ಹಿಂದೆ ಕಾರು ಎಳೆಯುವುದಾದರೆ ಅದನ್ನೂ ಕಟ್ಟಿಕೊಂಡು ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಹತ್ತಿಸಿ.

ಈಗ ಏರಿನ ಲೆಕ್ಕ. ಒಟ್ಟು 15 ಟನ್, ರಸ್ತೆಯ ಏರು 6% (ನೂರು ಮೀಟರಿಗೆ ಆರು ಮೀಟರ್ ಮೇಲಕ್ಕೆ) ಎಂದಿಟ್ಟುಕೊಳ್ಳಿ. 15,000 ಕೆ.ಜಿ.ಯ 6% ಎಂದರೆ 900 ಕೆ.ಜಿ.; ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ ಇಷ್ಟು. ಗಂಟೆಗೆ 72 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 20 ಮೀಟರ್. ಸೆಕೆಂಡಿಗೆ 76 ಕೆ.ಜಿ.ಯನ್ನು ಒಂದು ಮೀಟರ್ ಎತ್ತುವ ಶಕ್ತಿಯೇ ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. ಹಾಗಾಗಿ 900ನ್ನು 20ರಿಂದ ಗುಣಿಸಿ, 76ರಿಂದ ಭಾಗಿಸಿ: ಸುಮಾರು 237 ಅಶ್ವಶಕ್ತಿ. ಇದು ಏರಿಗೆ ಮಾತ್ರ. ಗಾಳಿಯ ತಡೆ, ಟೈರಿನ ಉರುಳು ಎರಡಕ್ಕೂ ಸೇರಿ ಇನ್ನೊಂದು 50 ಬೇಕು. ಗೇರ್‌ಬಾಕ್ಸ್ ಒಂದಿಷ್ಟು ತಿನ್ನುತ್ತದೆ, ಎಂಜಿನ್ ಬಿಸಿಯಾದಾಗ ಜೋರಾಗಿ ತಿರುಗುವ ಫ್ಯಾನ್ ಇನ್ನಷ್ಟು ನುಂಗುತ್ತದೆ. 360 ಅಶ್ವಶಕ್ತಿಯ ಎಂಜಿನ್ ಹೊಟ್ಟೆತುಂಬ ಉಸಿರೆಳೆದು ಹತ್ತುವುದು ಹೆಚ್ಚುಕಡಿಮೆ ಈ ವೇಗದಲ್ಲೇ.

ಹಾಗಾದರೆ ಟಾರ್ಕ್ ಏತಕ್ಕೆ? ಫೋರ್ಡ್‌ನ 7.3 ಲೀಟರ್ ಪೆಟ್ರೋಲ್ ವಿ8 ಎಂಜಿನ್ ಆರಂಭದ ಮಾದರಿಯಲ್ಲಿ 350 ಅಶ್ವಶಕ್ತಿಯದು, ಟಾರ್ಕ್ ಸುಮಾರು 635 ನ್ಯೂಟನ್ ಮೀಟರ್. ಕಮಿನ್ಸ್‌ನ 6.7 ಲೀಟರ್ ಡೀಸೆಲ್ 360 ಅಶ್ವಶಕ್ತಿಯದು, ಟಾರ್ಕ್ ಸುಮಾರು 1,085. ಅಶ್ವಶಕ್ತಿ ಬಹುತೇಕ ಸಮ. ಆದರೆ ಪೆಟ್ರೋಲ್ ಎಂಜಿನ್ ತನ್ನ ಪೂರ್ಣ ಶಕ್ತಿ ಕೊಡಲು 3,900 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಕಿರುಚಬೇಕು. ಡೀಸೆಲ್ 1,800ರಲ್ಲೇ 274 ಅಶ್ವಶಕ್ತಿ ಕೊಡುತ್ತದೆ. ಪದೇಪದೇ ಗೇರ್ ಬದಲಿಸುವ ಕಾಟವಿಲ್ಲ, ಮಾತಾಡಿದರೆ ಕೇಳಿಸುತ್ತದೆ. ಇನ್ನು ಕೊಲರಾಡೊದ ಬೆಟ್ಟಗಳಲ್ಲಿ ಗಾಳಿ ತೆಳುವಾದಷ್ಟೂ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಸೊರಗುತ್ತದೆ. ಟರ್ಬೊ ಇರುವ ಡೀಸೆಲ್‌ಗೆ ಆ ಬಾಧೆ ಕಡಿಮೆ.

ಹತ್ತುವಾಗ ಅನೇಕರು ಎಡವುವುದು ಇಲ್ಲೇ. 450 ಅಶ್ವಶಕ್ತಿಯ ಕಮಿನ್ಸ್ 8.9 ಲೀಟರ್ ಎಂಜಿನ್‌ನ ಗರಿಷ್ಠ ಟಾರ್ಕ್ ಸಿಗುವುದು 1,400 ಆರ್‌ಪಿಎಂನಲ್ಲಿ. ಅಲ್ಲಿಯೇ ಇಟ್ಟುಕೊಂಡು ಹತ್ತಿದರೆ ಕೈಗೆ ಸಿಗುವ ಅಶ್ವಶಕ್ತಿ ಸುಮಾರು 333 ಮಾತ್ರ. 2,100ಕ್ಕೆ ಏರಿಸಿದರೆ ಪೂರ್ತಿ 450. ಆದ್ದರಿಂದ ಏರು ಶುರುವಾಗುತ್ತಲೇ ಆಲಿಸನ್ ಕಂಪನಿಯ ಸ್ವಯಂಚಾಲಿತ ಗೇರ್‌ಬಾಕ್ಸಿನ ಕೆಳಬಾಣದ ಗುಂಡಿ ಒತ್ತಿ ಒಂದು ಗೇರ್ ಇಳಿಸಿ. ಸದ್ದು ಹೆಚ್ಚುತ್ತದೆ, ಹೆದರಬೇಡಿ. ನೀರಿನ ಪಂಪ್ ಕೂಡ ವೇಗವಾಗಿ ತಿರುಗಿ ಎಂಜಿನ್ ತಣ್ಣಗಿರುತ್ತದೆ. ಆದರೂ ತಾಪದ ಮುಳ್ಳು ಏರುತ್ತಿದ್ದರೆ ಎಕ್ಸಲರೇಟರ್ ಸಡಿಲಿಸಿ. ಊರು ತಲುಪಿದ ಮೇಲೆ ಹಿಂಬದಿಯ ರೇಡಿಯೇಟರ್ ಎದುರಿನ, ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಕೂಲರ್‌ಗೆ ಟಾರ್ಚ್ ಬಿಟ್ಟು ನೋಡಿ. ಎಣ್ಣೆಯ ಆವಿಗೆ ಧೂಳು ಮೆತ್ತಿ ಕಂಬಳಿಯಂತೆ ಕಟ್ಟಿಕೊಂಡಿದ್ದರೆ ತೊಳೆಸಿ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಕೊಲರಾಡೊದ ಹೆದ್ದಾರಿಯ ಐಸನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅದನ್ನು ದಾಟಿ ಪಶ್ಚಿಮಕ್ಕೆ ಹೊರಟರೆ 7% ಇಳಿಜಾರು. ತುದಿಯಲ್ಲೇ ವೇಗ ತಗ್ಗಿಸಿ, ಕೆಳ ಗೇರಿಗೆ ಬನ್ನಿ, ಎಂಜಿನ್ ಬ್ರೇಕ್ ಹಾಕಿ. 8.9 ಲೀಟರಿನಲ್ಲಿ ಸಾಮಾನ್ಯವಾಗಿ ಸಿಲಿಂಡರಿನಲ್ಲಿ ಗಾಳಿ ಒತ್ತುವ ಕೆಲಸದಿಂದಲೇ ಗಾಡಿಯನ್ನು ತಡೆಯುವ ಕಂಪ್ರೆಷನ್ ಬ್ರೇಕ್ ಇರುತ್ತದೆ, 6.7ರಲ್ಲಿ ಹೊಗೆಯ ದಾರಿ ಬಿಗಿದು ತಡೆಯುವ, ಅದಕ್ಕಿಂತ ಮೆದುವಾದ ಎಕ್ಸಾಸ್ಟ್ ಬ್ರೇಕ್. ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಮೀರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಗಂಟೆಗೆ ಏಳೆಂಟು ಕಿ.ಮೀ. ಇಳಿಸಿ, ಪೂರ್ತಿ ಬಿಟ್ಟುಬಿಡಿ.